ಹಳ್ಳಿಗೆ ಬಾರದ ಪತ್ತೇದಾರ

ಎನ್. ನರಸಿಂಹಯ್ಯನವರ ಮೊದಲ ಕಾದಂಬರಿ ‘ಪತ್ತೇದಾರ ಪುರುಷೋತ್ತಮ’ ಹೊರಬಂದದ್ದು 1952ರಲ್ಲಿ. 1925ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅವರಿಗೆ ಶಾಲೆಯ ಓದು ದಕ್ಕಿದ್ದು ನಾಲ್ಕನೇ ಇಯತ್ತೆಯವರೆಗೆ ಮಾತ್ರ. ಬಸ್ ಕಂಡಕ್ಟರಾಗಿ, ಗಿರಣಿ ಕೂಲಿಯಾಗಿ ದುಡಿದರು. 2011ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದಿದ್ದರು. ಅವುಗಳಲ್ಲಿ ಬಹುಪಾಲು ಪತ್ತೇದಾರಿ. ಪುರುಷೋತ್ತಮನ ಹಿಂದೆಯೇ ಮಧುಸೂದನ, ಅರಿಂಜಯ, ಗಾಳಿರಾಯ ಬಂದರು. ಕನ್ನಡದಲ್ಲಿ ಇಷ್ಟು ದೀರ್ಘಕಾಲ ನಡೆದ ಪತ್ತೇದಾರಿ ಮಾಲೆ ಇನ್ನೊಂದಿಲ್ಲವೆಂದೇ ಹೇಳಬೇಕು. ಇದನ್ನು ಒಬ್ಬ ಮನುಷ್ಯನ ಅಸಾಧಾರಣ ಉತ್ಸಾಹದ ಕಥೆ ಎಂದು ಹೇಳಿ ಮುಗಿಸುವುದು ರೂಢಿ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಈ ಮಾಲೆಯನ್ನು ಅಷ್ಟು ವರ್ಷ ಬದುಕಿಸಿದವನು ಆಗತಾನೇ ಅಕ್ಷರ ಕಲಿತಿದ್ದ, ಹಳ್ಳಿಯಿಂದಲೋ ಸಣ್ಣ ಊರಿನಿಂದಲೋ ಬಂದ ಓದುಗ. ಅವನಿಂದ ಬೆಳೆದ ಪ್ರಕಾರ ಅವನ ಊರನ್ನು ಮಾತ್ರ ಕಥೆಯೊಳಗೆ ಕರೆದುಕೊಳ್ಳಲಿಲ್ಲ. ಆ ಬಾಕಿ ಇನ್ನೂ ತೀರಿಲ್ಲ.

ಆ ಓದುಗ ಎಂಥವನೆಂದು ತಿಳಿಯಲು ಕಲಬುರಗಿಗಿಂತ ಒಳ್ಳೆಯ ಸಾಕ್ಷಿ ಸಿಗದು. ಪುರುಷೋತ್ತಮ ಹುಟ್ಟಿದ ವರ್ಷ ಈ ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. 1951ರ ಜನಗಣತಿಯ ಪ್ರಕಾರ ಆ ರಾಜ್ಯದಲ್ಲಿ ನೂರಕ್ಕೆ ಹತ್ತು ಮಂದಿಗೂ ಓದುಬರಹ ಬರುತ್ತಿರಲಿಲ್ಲ. ಬಲ್ಲವರಲ್ಲೂ ಎಷ್ಟೋ ಜನ ಕಲಿತದ್ದು ಉರ್ದು. ನಿಜಾಮರ ಆಳ್ವಿಕೆಯಲ್ಲಿ ಕಚೇರಿ, ಕೋರ್ಟು, ಶಾಲೆ ಬಹುಮಟ್ಟಿಗೆ ಅದರಲ್ಲೇ ನಡೆದಿದ್ದವು. ಅದೇ 1952ರಲ್ಲಿ ಅಲಹಾಬಾದಿನಿಂದ ಇಬ್ನೆ ಸಫಿ ಅವರ ‘ಜಾಸೂಸಿ ದುನಿಯಾ’ ಮಾಲೆಯೂ ಆರಂಭವಾಯಿತು. ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದರ ಆ ಕಥೆಗಳು ಮುಂದೆ ನೂರಿಪ್ಪತ್ತರ ಗಡಿ ದಾಟಿದವು. ಒಂದೇ ವರ್ಷ ಎರಡು ಭಾಷೆಗಳಲ್ಲಿ ಹೀಗೆ ಎರಡು ಮಾಲೆ ಹುಟ್ಟಿದ್ದು ಆಕಸ್ಮಿಕವೇ ಇರಬಹುದು, ಆದರೆ ಎರಡನ್ನೂ ಬೆಳೆಸಿದ ಹಸಿವು ಒಂದೇ. ಸ್ವಾತಂತ್ರ್ಯದ ಬಳಿಕ ಅಕ್ಷರ ಕಂಡ ತಲೆಮಾರಿಗೆ ಪಂಡಿತರ ಪುಸ್ತಕ ದೂರವಾಗಿತ್ತು, ಪಠ್ಯಪುಸ್ತಕ ಸಾಕಾಗಿತ್ತು. ಸಣ್ಣ ವಾಕ್ಯ, ಹೆಚ್ಚು ಮಾತುಕತೆ, ಪ್ರಕರಣ ಮುಗಿಯುವಲ್ಲಿ ಒಂದು ಗಂಟು, ಕಿಸೆಗೆ ಹಗುರಾದ ಬೆಲೆ: ಇವಿದ್ದರೆ ಅವನು ಓದುತ್ತಿದ್ದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಲೇಖಕನಿಗೆ ಆ ಓದುಗನ ಉಸಿರಿನ ಅಳತೆ ಗೊತ್ತಿತ್ತು. 1956ರ ಏಕೀಕರಣದ ನಂತರ ಶಾಲೆಗಳಲ್ಲಿ ಕನ್ನಡ ಬೇರೂರಿತು. ಮನೆಯಲ್ಲಿ ಕನ್ನಡ ಪುಸ್ತಕವೇ ಇಲ್ಲದ ಕುಟುಂಬದ ಹುಡುಗನಿಗೆ ಪಠ್ಯದಾಚೆ ಮೊದಲು ಎಟುಕಬಹುದಾಗಿದ್ದದ್ದು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುತ್ತಿದ್ದ ಇಂಥ ಪುಸ್ತಕವೇ. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳ ರಾಶಿಯನ್ನೇ ಬರೆದರು. ಓದುಗರನ್ನು ಕೂಡಿಸುವುದೂ ಭಾಷೆಯ ಕೆಲಸವೇ ಎಂದು ಬಗೆದ ಕಾಲ ಅದು.

ಇದು ಕೀಳು ಸಾಹಿತ್ಯ, ಇದಕ್ಕೆ ಇಷ್ಟು ಮಾತು ಯಾಕೆ ಎಂಬ ಆಕ್ಷೇಪ ಹಳೆಯದು. ವರ್ಷಕ್ಕೆ ಎಂಟು ಒಂಬತ್ತು ಕಾದಂಬರಿ ಬರೆದವರ ಎಲ್ಲ ಪುಟಗಳೂ ಗಟ್ಟಿಯಾಗಿರಲು ಸಾಧ್ಯವಿಲ್ಲ, ಇದು ನಿಜ. ಆದರೆ ಗಟ್ಟಿ ಸಾಹಿತ್ಯದವರೆಗೆ ನಡೆದು ಬಂದ ಓದುಗರಲ್ಲಿ ಎಷ್ಟೋ ಮಂದಿ ಹತ್ತಿದ ಮೊದಲ ಮೆಟ್ಟಿಲು ಇದೇ. ನನ್ನ ತಕರಾರು ಬೇರೆಯದು. ಆ ಅವಸರದಲ್ಲಿ ಕಥೆಗೆ ಊರು ದಕ್ಕಲಿಲ್ಲ. ಊರಿನ ಹೆಸರು ಬದಲಿಸಿದರೆ ಕಥೆಯಲ್ಲಿ ಏನೂ ಬದಲಾಗದು. ಬಂಗಲೆ, ಕಾರು, ಟೆಲಿಫೋನು, ಪಿಸ್ತೂಲು ಎಲ್ಲಿಯಾದರೂ ನಡೆಯುತ್ತವೆ. ಮಳೆ ಯಾವಾಗ ಬಂತು, ಹೊಲದಲ್ಲಿ ಏನು ಬೆಳೆದಿತ್ತು ಎನ್ನುವುದು ಪತ್ತೆಗೆ ಬೇಕಾಗಲಿಲ್ಲ. ಟಿ.ಕೆ. ರಾಮರಾಯರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ರಹಸ್ಯ ಹೆಣೆಯುವುದರಲ್ಲಿ ಪಳಗಿದ ಕೈ ಅವರದು. ಅವರು ಹಳ್ಳಿಯನ್ನೂ ಬರೆದರು. 1972ರಲ್ಲಿ ಸಿನಿಮಾ ಆಗಿ ನಾಡನ್ನೇ ಗೆದ್ದ ‘ಬಂಗಾರದ ಮನುಷ್ಯ’ ಅವರ ಕಾದಂಬರಿ. ಆದರೆ ಅಲ್ಲಿ ಹಳ್ಳಿ ಆದರ್ಶದ ನೆಲೆಯಾಯಿತು, ರಹಸ್ಯಕ್ಕೆ ಅಲ್ಲಿ ಕೆಲಸವಿರಲಿಲ್ಲ. ಒಬ್ಬನೇ ಲೇಖಕನಲ್ಲಿ ಎರಡೂ ಇದ್ದವು, ಒಂದನ್ನೊಂದು ಕೂಡಲಿಲ್ಲ.

ಕೂಡಿಸಿದವರು ಪೂರ್ಣಚಂದ್ರ ತೇಜಸ್ವಿ. ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ಇಳುವರಿ ಕುಸಿದದ್ದೂ ಒಬ್ಬ ವಿಜ್ಞಾನಿಯ ಸಾವೂ ಒಂದೇ ತನಿಖೆಗೆ ಒಳಪಡುತ್ತವೆ, ಗುಪ್ತಚರ ಅಧಿಕಾರಿಯೇ ಕೆಸರೂರಿಗೆ ಬರುತ್ತಾನೆ. ‘ಜುಗಾರಿ ಕ್ರಾಸ್’ನಲ್ಲಿ ಘಟ್ಟದ ರಸ್ತೆಯೇ ಅಪರಾಧದ ಜಾಡು. ತೇಜಸ್ವಿ ಬರೆದಾಯಿತಲ್ಲ, ಇನ್ನೇನು ಬೇಕು ಎನ್ನಬಹುದು. ಅವು ಒಂಟಿ ಕೃತಿಗಳು, ಮಲೆನಾಡಿನವು, ರಹಸ್ಯವನ್ನು ಬಿಡಿಸುವ ಒಪ್ಪಂದಕ್ಕೂ ಕಟ್ಟುಬಿದ್ದವಲ್ಲ. ಮಾಲೆ ಮಾಡುವ ಕೆಲಸ ಬೇರೆ. ಒಬ್ಬನೇ ತನಿಖೆದಾರ ಅದೇ ಸೀಮೆಯಲ್ಲಿ ವರ್ಷಗಟ್ಟಲೆ ತಿರುಗುತ್ತ ಹೋದಾಗ ಆ ಸೀಮೆ ಬದಲಾಗುವುದೇ ಕಥೆಯಾಗುತ್ತದೆ. ಆಸ್ಟ್ರೇಲಿಯದ ಆರ್ಥರ್ ಅಪ್‌ಫೀಲ್ಡ್ 1929ರಿಂದ ಒಳನಾಡಿನ ಕುರಿ ಫಾರ್ಮುಗಳ ನಡುವೆ ತಮ್ಮ ಬೋನಿ ಎಂಬ ಇನ್ಸ್‌ಪೆಕ್ಟರನ್ನು 29 ಕಾದಂಬರಿಗಳಲ್ಲಿ ಓಡಾಡಿಸಿದರು. ಅಮೆರಿಕದ ಟೋನಿ ಹಿಲರ್‌ಮನ್ 1970ರಿಂದ ನವಾಹೋ ಬುಡಕಟ್ಟಿನ ಪೊಲೀಸರನ್ನಿಟ್ಟುಕೊಂಡು 18 ಕಾದಂಬರಿ ಬರೆದರು. ಆ ಬುಡಕಟ್ಟಿನ ಜನರೇ ಅವರನ್ನು ತಮ್ಮ ಮಿತ್ರರೆಂದು ಗೌರವಿಸಿದರು. ಖಾಸಗಿ ಪತ್ತೇದಾರ ನಮ್ಮ ಹಳ್ಳಿಗೆ ಹೊಂದುವುದಿಲ್ಲ ಎನ್ನುವವರಿಗೆ ಇಲ್ಲೇ ಉತ್ತರವಿದೆ. ಇಬ್ಬರೂ ಆರಿಸಿದ್ದು ನೆಲ ಬಲ್ಲ ಪೊಲೀಸನನ್ನು.

ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು, ಹೀಗಾಗಿ ಅಲ್ಲಿ ಪತ್ತೆಗೆ ಜಾಗವಿಲ್ಲ ಎಂಬುದು ಇದಕ್ಕಿಂತ ಬಲವಾದ ವಾದ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರದ ಸೀಮೆಯನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿ ನೋಡೋಣ. ಕೆಂಪು ಬಾಳೆಗೆ ಹೆಸರಾದ, ಹಿಂದೆ ಕಲಬುರಗಿ ತಾಲ್ಲೂಕಿನೊಳಗಿದ್ದು ಈಗ ಪ್ರತ್ಯೇಕ ತಾಲ್ಲೂಕಾದ ಊರು ಅದು. ಸುತ್ತಲ ಹಳ್ಳಿ, ತಾಂಡಾಗಳಿಂದ ತೊಗರಿ ರಾಶಿ ಮುಗಿದ ಮೇಲೆ ಜನ ಮುಂಬಯಿ, ಪುಣೆ, ಹೈದರಾಬಾದಿಗೆ ದುಡಿಯಲು ಹೊರಡುತ್ತಾರೆ. ಒಬ್ಬ ತಿಂಗಳುಗಟ್ಟಲೆ ಕಾಣದಿದ್ದರೂ ಯಾರೂ ಅನುಮಾನ ಪಡುವುದಿಲ್ಲ. ದುಡಿಯಾಕ ಹೋಗ್ಯಾನ ಅನ್ನುತ್ತಾರೆ, ಅಷ್ಟೇ. ಕಾಣೆಯಾದವನೂ ಗುಳೆ ಹೋದವನೂ ಒಂದೇ ಥರ ಕಾಣುವ ಊರಿನಲ್ಲಿ ಕೊಲೆಯೊಂದು ಎಷ್ಟು ದಿನ ಅಡಗಿರಬಲ್ಲದು! ಇನ್ನು ಜಮೀನಿನ ವ್ಯಾಜ್ಯ. ನಿಜಾಮರ ಕಾಲದ ದಾಖಲೆಗಳಿರುವುದು ಉರ್ದುವಿನಲ್ಲಿ. ಅದನ್ನು ಓದಬಲ್ಲ ಒಬ್ಬ ಮುದುಕ ಏನು ಓದಿ ಹೇಳಿದನೋ ಅದರ ಮೇಲೆ ಒಂದು ಹೊಲದ ಹಕ್ಕು ನಿಲ್ಲಬಹುದು. ಕನ್ನಡ, ದಖನಿ, ಲಂಬಾಣಿ, ಮರಾಠಿ, ತೆಲುಗು ಬೆರೆಯುವ ನಾಡಿನಲ್ಲಿ ಯಾವ ಮಾತನ್ನು ಯಾರು ಕೇಳಿಸಿಕೊಂಡರು ಎನ್ನುವುದೂ ಸುಳಿವೇ. ಎಲ್ಲರಿಗೂ ಗೊತ್ತಿರುವುದು ಬೇರೆ, ಫೌಜದಾರರ ಮುಂದೆ ಪಂಚನಾಮೆಗೆ ಸಹಿ ಹಾಕುವುದು ಬೇರೆ. ಮೊದಲು ಊರ ಪೊಲೀಸ್ ಪಾಟೀಲ ಈ ಎರಡರ ನಡುವೆ ನಿಂತಿದ್ದ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದ ಮೇಲೆ ಆ ಜಾಗ ಖಾಲಿಯಾಯಿತು. ಜಾತಿ, ಬಡ್ಡಿ, ಭಯ ಹೊಲಿದ ಬಾಯಿಯನ್ನು ಬಿಡಿಸುವ ತನಿಖೆ ಬೆರಳಚ್ಚಿನ ತನಿಖೆಗಿಂತ ಕಷ್ಟದ್ದು, ಕಾದಂಬರಿಗೆ ಹೆಚ್ಚು ಯೋಗ್ಯವಾದದ್ದು.

ಈ ನೆಲಕ್ಕೆ ಅಪರಾಧದ ಕಥೆ ಹೊಸದೂ ಅಲ್ಲ. ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಇಂಗ್ಲಿಷ್ ಕಾದಂಬರಿಯನ್ನು 1839ರಲ್ಲಿ ಪ್ರಕಟಿಸಿದರು. ಮೊದಲ ಪತ್ತೇದಾರಿ ಕಥೆ ಎನಿಸಿದ ಎಡ್ಗರ್ ಅಲನ್ ಪೋ ಕಥೆಗಿಂತ ಎರಡು ವರ್ಷ ಮೊದಲು. ಬಳಿಕ ಅವರು ಸುರಪುರದ ಆಡಳಿತ ನೋಡಿಕೊಂಡರು; ಅವರು ಕಟ್ಟಿಸಿದ ಬಂಗಲೆ ಈಗಲೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಆ ಕಾದಂಬರಿ ಆಳುವವರ ಕಣ್ಣಿನದು, ಠಕ್ಕರ ಚಿತ್ರವನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದು. ಆದ್ದರಿಂದಲೇ ಇಲ್ಲಿಯವರು ಬರೆಯಬೇಕು. ದಖನ್ನಿನ ದಾರಿಯಲ್ಲಿ ಕಾಣೆಯಾದವರನ್ನು ಹೊರಗಿನವನೊಬ್ಬ ಕಥೆ ಮಾಡಿ ಸುಮಾರು ಇನ್ನೂರು ವರ್ಷವಾಗುತ್ತಾ ಬಂತು. ಇಲ್ಲಿಯ ಮಾತಿನಲ್ಲಿ ಅಂಥದೊಂದು ಮಾಲೆ ಇನ್ನೂ ಆಗಿಲ್ಲ.

ಕಲಬುರಗಿಯಲ್ಲಿ ಕಥೆ ಬರೆಯುತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟು. ನರಸಿಂಹಯ್ಯನವರಿಂದ ಓದುಗನನ್ನು ಕೈಬಿಡದ ವೇಗ ಕಲಿಯಿರಿ, ತೇಜಸ್ವಿಯವರಿಂದ ನೆಲವನ್ನು ನೋಡುವುದು ಕಲಿಯಿರಿ. ಕಮಲಾಪುರ ಠಾಣೆಗೆ ಒಬ್ಬ ಫೌಜದಾರನನ್ನೋ, ಪಿಎಸ್‌ಐ ಹೆಣ್ಣುಮಗಳನ್ನೋ ಕಳಿಸಿ, ಇಲ್ಲಿಯ ಕನ್ನಡದಲ್ಲೇ ಮಾತಾಡಿಸಿ. ಒಂದು ಪುಸ್ತಕಕ್ಕೆ ನಿಲ್ಲಿಸಬೇಡಿ; ಎರಡನೆಯದನ್ನೂ ಬರೆಯಿರಿ.