ಟರಾಂಟೆಲ್ಲಾ: ಜೇಡದ ಮೇಲೆ ಹೊರಿಸಿದ ನೋವು

ಇಟಲಿಯ ಟರಾಂಟೆಲ್ಲಾ ಕುಣಿತಕ್ಕೆ ಆ ಹೆಸರು ಬಂದದ್ದು ಟರಾಂಟುಲಾ ಜೇಡದಿಂದ, ಅದು ಕಚ್ಚಿದವರು ವಿಷವನ್ನು ಬೆವರಿನಲ್ಲಿ ಹೊರಹಾಕಲು ಹುಚ್ಚೆದ್ದು ಕುಣಿಯುತ್ತಿದ್ದರು ಎಂಬ ಕಥೆ ಎಲ್ಲೆಡೆ ಚಾಲ್ತಿಯಲ್ಲಿದೆ. ಕೇಳಿದ ಕೂಡಲೇ ಕಣ್ಮುಂದೆ ಬರುವುದು ಅಂಗೈ ಅಗಲದ, ಮೈತುಂಬ ರೋಮದ ಜೇಡ. ಮೊದಲ ತಪ್ಪು ಅಲ್ಲೇ. ಆ ದೈತ್ಯ ಜೇಡಗಳ ಕುಟುಂಬವೇ ಬೇರೆ. ಅಮೆರಿಕ ಖಂಡದಲ್ಲಿ ಅವನ್ನು ಕಂಡ ಯುರೋಪಿನವರು ತಮಗೆ ಗೊತ್ತಿದ್ದ ಹೆಸರನ್ನೇ ಅವಕ್ಕೂ ಇಟ್ಟರು. ಮೂಲ ಟರಾಂಟುಲಾ ದಕ್ಷಿಣ ಇಟಲಿಯ ಹೊಲಗಳಲ್ಲಿ ಬಿಲ ತೋಡಿ ಬದುಕುವ, ಸುಮಾರು ಮೂರು ಸೆಂಟಿಮೀಟರ್ ಉದ್ದದ ಜೇಡ. ಅದರ ಹೆಸರಿಗೂ ಕುಣಿತದ ಹೆಸರಿಗೂ ಬೇರು ಪುಲಿಯಾ ಪ್ರಾಂತ್ಯದ ಬಂದರು ನಗರ ಟರಾಂಟೊ.

ಎಲ್ಲ ಟರಾಂಟೆಲ್ಲಾವೂ ಮದ್ದಿನ ಕುಣಿತವಲ್ಲ. ನೇಪಲ್ಸ್‌ನ ಜೋಡಿ ಕುಣಿತ ಒಲವಿನದು. ರೋಗ ಬಿಡಿಸಲು ನುಡಿಸುತ್ತಿದ್ದದ್ದು ಪುಲಿಯಾದ ದಕ್ಷಿಣ ತುದಿ ಸಲೆಂಟೊದ ‘ಪಿಜ್ಜಿಕಾ’.

ಇನ್ನು ವಿಷದ ಮಾತು. ಮೂಲ ಟರಾಂಟುಲಾ ಕಚ್ಚಿದರೆ ನೋವಾಗುತ್ತದೆ, ಜೀವ ಹೋಗುವುದಿಲ್ಲ. ಮೈಮೇಲೆ ಕೆಂಪು ಚುಕ್ಕೆಗಳಿರುವ ಇನ್ನೊಂದು ಕಪ್ಪು ಜೇಡ ಅಲ್ಲಿದೆ; ನಿಜವಾಗಿ ಅಪಾಯಕಾರಿ ಅದೇ. ಕೊಯ್ಲಿನ ಕಾಲದಲ್ಲಿ ಅದು ಕಚ್ಚಿದ ಪ್ರಕರಣಗಳು ಕೆಲವು ಇದ್ದಿರಬಹುದು. ಆದರೆ ಕುಣಿದು ಬೆವರಿದರೆ ಯಾವ ಜೇಡದ ವಿಷವೂ ಇಳಿಯದು. ಅದೂ ಅಲ್ಲದೆ, ಈ ರೋಗ ಪ್ರತಿ ಬೇಸಿಗೆಯಲ್ಲೂ ಮರುಕಳಿಸುತ್ತಿತ್ತು; ಒಮ್ಮೆ ಏರಿದ ವಿಷ ಹಾಗೆ ಮರಳಿ ಬರುವುದುಂಟೆ? ಸಂತ ಪೌಲನ ಕೃಪೆಯಿರುವ ಸಲೆಂಟೊದ ಗಲತೀನಾ ಊರಿನವರಿಗೆ ಮಾತ್ರ ಅದು ತಗಲುವುದಿಲ್ಲ ಎಂದು ಜನ ನಂಬಿದ್ದರು. ವಿಷ ಊರಿನ ಗಡಿ ನೋಡುವುದಿಲ್ಲ.

1959ರಲ್ಲಿ ಎರ್ನೆಸ್ಟೊ ದೆ ಮಾರ್ತಿನೊ ಎಂಬ ವಿದ್ವಾಂಸ ಮನೋವೈದ್ಯರನ್ನೂ ಸಂಗೀತ ತಜ್ಞರನ್ನೂ ಕರೆದುಕೊಂಡು ಸಲೆಂಟೊಗೆ ಹೋದರು. ‘ಕಚ್ಚಿಸಿಕೊಂಡವರು’ ಎನಿಸಿಕೊಂಡಿದ್ದವರಲ್ಲಿ ಹೆಚ್ಚಿನವರು ಬಡ ರೈತಾಪಿ ಹೆಂಗಸರು. ಹಲವರಿಗೆ ಹರೆಯದಲ್ಲೇ ಮೊದಲ ಸಲ ಹೀಗಾಗಿತ್ತು. ಇದರ ಹಿಂದೆ ಇದ್ದದ್ದು ಕೈಗೂಡದ ಪ್ರೀತಿ, ಒಲ್ಲದ ಮದುವೆ, ಆಪ್ತರ ಸಾವು. ಬಾಯಿಬಿಟ್ಟು ಹೇಳಲು ಎಡೆಯಿಲ್ಲದ ಸಂಕಟಕ್ಕೆ ಜೇಡ ಒಂದು ಹೆಸರು ಕೊಟ್ಟಿತ್ತು. ದೆ ಮಾರ್ತಿನೊ ಅವರ ಅಧ್ಯಯನ 1961ರಲ್ಲಿ ಪುಸ್ತಕವಾಗಿ ಬಂತು. ಈ ಹೆಂಗಸರನ್ನು ಹುಚ್ಚರೆಂದೋ ಮೂಢರೆಂದೋ ತಳ್ಳಿಹಾಕದೆ ಅವರ ಬದುಕನ್ನು ಓದಿದ್ದು ಆ ಪುಸ್ತಕದ ದೊಡ್ಡತನ ಎಂದು ನನಗೆ ಅನ್ನಿಸುತ್ತದೆ.

ಚಿಕಿತ್ಸೆ ಮನೆಯಲ್ಲೇ ನಡೆಯುತ್ತಿತ್ತು. ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಬಣ್ಣಬಣ್ಣದ ಪಟ್ಟಿಗಳನ್ನಿಟ್ಟು, ಪಿಟೀಲು, ತಮಟೆಯಂಥ ತಂಬುರೆಲ್ಲೊ, ಸಣ್ಣ ಅಕಾರ್ಡಿಯನ್ ನುಡಿಸುತ್ತಿದ್ದರು. ಯಾವ ಧಾಟಿಗೆ ‘ಕಚ್ಚಿಸಿಕೊಂಡವಳ’ ಮೈ ಅಲುಗುತ್ತದೋ ಅದನ್ನು ಹುಡುಕಿ ಹಿಡಿಯುವುದೇ ವಾದಕರ ವಿದ್ಯೆ. ಕೆಲವೊಮ್ಮೆ ದಿನಗಟ್ಟಲೆ ಕುಣಿತ. ಅಷ್ಟು ಹೊತ್ತು ಮನೆಯವರು, ನೆರೆಯವರು ಸುತ್ತ ನೆರೆದು ಅವಳೊಬ್ಬಳನ್ನೇ ನೋಡುತ್ತಿದ್ದರು. ಉಳಿದ ದಿನಗಳಲ್ಲಿ ಅವಳಿಗೆ ಸಿಗದಿದ್ದದ್ದು ಅದೇ. ಜೂನ್ 29ರಂದು ಗಲತೀನಾದ ಸಂತ ಪೌಲನ ಗುಡಿಗೆ ಹರಕೆ ಸಲ್ಲಿಸಲು ಹೋಗುತ್ತಿದ್ದರು. ನಾರ್ದೊ ಊರಿನ ಕ್ಷೌರಿಕ, ಪಿಟೀಲುವಾದಕ ಲೂಯಿಜಿ ಸ್ತಿಫಾನಿ ಇಂಥ ಹಲವು ಹೆಂಗಸರಿಗಾಗಿ ನುಡಿಸಿದರು, ತಾವು ಕಂಡದ್ದನ್ನು ಬರೆದೂ ಇಟ್ಟರು.