ಬಿದ್ದ ಮರದ ಜಾಗದಲ್ಲಿ

ಏಪ್ರಿಲ್-ಮೇ ತಿಂಗಳ ಮಳೆಗಾಳಿಗೆ ಬೆಂಗಳೂರಿನ ಬೀದಿಯಲ್ಲಿ ಹಳೆಯ ಮರಗಳು ಉರುಳುವುದುಂಟು. ಬದಲಿಗೊಂದು ಸಸಿ ನೆಟ್ಟರೆ ಲೆಕ್ಕ ಸರಿಹೋಯಿತೆಂದು ತಿಳಿಯುವವರೇ ಹೆಚ್ಚು. 1908ರಲ್ಲಿ ಲಾಲ್‌ಬಾಗಿಗೆ ಬಂದ ಕೃಂಬಿಗಲ್ಲರು ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದರು. ಆದರೆ ಅಂದು ಬೇರಿಗೆ ಮಣ್ಣಿತ್ತು. ಇಂದು ಕಾಲುದಾರಿಯ ಕೆಳಗಿರುವುದು ಜಲ್ಲಿ, ಕೊಳವೆ, ಕೇಬಲ್ಲು.

ಆದ್ದರಿಂದ ಮೊದಲು ಗುಣಿಯ ಮಾತು. ಉದ್ದ, ಅಗಲ, ಆಳ ಮೂರು ಮೂರು ಅಡಿಯಾದರೂ ಇರಲಿ. ಹಳೆಯ ಮರದ ಬೊಡ್ಡೆಯನ್ನು ಕಿತ್ತು, ಜಲ್ಲಿ ತೆಗೆದು, ಒಳ್ಳೆಯ ಮಣ್ಣನ್ನೂ ಕೊಟ್ಟಿಗೆಗೊಬ್ಬರವನ್ನೂ ತುಂಬಬೇಕು. ಪಾಲಿಥೀನ್ ಚೀಲದಲ್ಲಿ ಬಹುಕಾಲ ಇದ್ದ ಸಸಿಯ ಬೇರು ಚಕ್ಕುಲಿಯಂತೆ ಸುತ್ತಿಕೊಂಡಿರುತ್ತದೆ. ಅದನ್ನು ಬಿಡಿಸದೆ, ಬಿಡಿಸಲಾಗದ್ದನ್ನು ಕತ್ತರಿಸದೆ ನೆಟ್ಟರೆ, ಹಲವು ವರ್ಷ ಸೊಂಪಾಗಿ ಬೆಳೆದ ಮರವೂ ಒಂದು ದಿನ ಬುಡಸಮೇತ ಬಿದ್ದೀತು. ಅಗಲವಾದ ರಸ್ತೆಗೆ ಹೊಂಗೆ, ಬೇವು. ಇಕ್ಕಟ್ಟಿನಲ್ಲಿ ಹೊಳೆದಾಸವಾಳ ಸಾಕು.

ಜುಲೈ ತಿಂಗಳ ವನಮಹೋತ್ಸವದಲ್ಲಿ ನೆಟ್ಟ ಸಸಿಗೆ ಮಳೆಯೇ ನೀರುಣಿಸುತ್ತದೆ. ಕಷ್ಟ ಬರುವುದು ಫೆಬ್ರವರಿಯ ನಂತರ. ಸಮಾರಂಭದ ಛಾಯಾಚಿತ್ರದಲ್ಲಿ ನಿಂತವರು ಆಗ ಆ ಬೀದಿಗೆ ಬಾರರು! ಮೊದಲ ಎರಡು ಮೂರು ಬೇಸಗೆಗಳಲ್ಲಿ ಎದುರುಮನೆಯವರೇ ವಾರಕ್ಕೆರಡು ಸಲ ಕೊಡ ಎತ್ತಬೇಕಾದೀತು. ಹಾಗೆಯೇ, ಕಾಲುದಾರಿಗೆ ಸಿಮೆಂಟು ಹಾಕಲು ಬಂದವರಿಗೆ ಬುಡದ ಸುತ್ತ ಮೂರಡಿ ಮಣ್ಣು ಬಿಡುವಂತೆ ಹೇಳಬೇಕು.