ಕರಿ ದ್ರಾಕ್ಷಿ, ಬಿಳಿ ರಸ

ಫ್ರಾನ್ಸಿನ ಷಾಂಪೇನ್ ಸೀಮೆಯಲ್ಲಿ ಹೆಚ್ಚಾಗಿ ಬೆಳೆಯುವ ತಳಿಗಳು ಮೂರು. ಅವುಗಳಲ್ಲಿ ಪಿನೋ ನ್ವಾರ್ ಮತ್ತು ಮೆನ್ಯೇ ಎರಡೂ ಕರಿ ದ್ರಾಕ್ಷಿ. ಆದರೂ ಅಲ್ಲಿನ ವೈನ್ ಬಹುಪಾಲು ತಿಳಿಹೊನ್ನಿನ ಬಣ್ಣದ್ದು. ಬಣ್ಣವಿರುವುದು ಸಿಪ್ಪೆಯಲ್ಲಿ, ಅದು ನುಜ್ಜಾಗುವ ಮೊದಲೇ ರಸ ಹೊರಬಂದುಬಿಟ್ಟರೆ ಕಪ್ಪು ಅಂಟುವುದಿಲ್ಲ. ಈ ನಾಜೂಕು ಕೆಲಸಕ್ಕೆ ಹೆಸರಾದದ್ದು ಕೊಕಾರ್ ಗಾಣ.

ಅಗಲ ಹೆಚ್ಚು, ಎತ್ತರ ಕಡಿಮೆ ಇರುವ ಮರದ ಪಟ್ಟಿಗಳ ತೊಟ್ಟಿ ಅದು. ಸಾಂಪ್ರದಾಯಿಕ ಗಾತ್ರದ ಗಾಣಕ್ಕೆ ಒಮ್ಮೆಗೆ 4,000 ಕಿಲೋ ಹಣ್ಣು ಬೇಕು. ಷಾಂಪೇನ್‌ನಲ್ಲಿ ಗೊಂಚಲನ್ನು ಕೈಯಿಂದಲೇ ಕೊಯ್ಯಬೇಕು, ಇಡಿಯಾಗಿಯೇ ಗಾಣಕ್ಕೆ ಸುರಿಯಬೇಕು. ಹಣ್ಣು ಬಿಡಿಸುವ ಗೋಜಿಲ್ಲ, ಏಕೆಂದರೆ ಗೊಂಚಲಿನ ಕಡ್ಡಿಗಳ ಸಂದಿಯೇ ರಸ ಇಳಿಯಲು ಕಾಲುವೆ. ಮೇಲಿನ ಹಲಗೆ ನಿಧಾನವಾಗಿ ಇಳಿದು ಒತ್ತಿ, ಮತ್ತೆ ಮೇಲೇಳುತ್ತದೆ. ಆಗ ಆಳುಗಳು ಕವೆಗೋಲು ಹಿಡಿದು ಅಂಚಿನಲ್ಲಿ ಹೆಪ್ಪುಗಟ್ಟಿದ ಹಣ್ಣನ್ನು ಸಡಿಲಿಸಿ ನಡುವಿಗೆ ಎಳೆಯುತ್ತಾರೆ. ಮತ್ತೆ ಒತ್ತುವುದು, ಮತ್ತೆ ಕೆದಕುವುದು. ಒಂದು ತೊಟ್ಟಿ ಮುಗಿಯಲು ಗಂಟೆಗಳೇ ಬೇಕು.

ನಮ್ಮ ಆಲೆಮನೆಯಲ್ಲಿ ಕಬ್ಬು ಒಣಸಿಪ್ಪೆಯಾಗುವವರೆಗೆ ಗಾಣಕ್ಕೆ ಬಿಡುವಿಲ್ಲ. ಇಲ್ಲಿ ರಸ ಇನ್ನೂ ಇರುವಾಗಲೇ ಕೈಬಿಡಬೇಕು. 4,000 ಕಿಲೋದಿಂದ ಷಾಂಪೇನ್‌ಗೆ ಬಳಸಬಹುದಾದದ್ದು 2,550 ಲೀಟರ್ ಮಾತ್ರ, ನಿಯಮವೇ ಹಾಗಿದೆ. ಮೊದಲ 2,050 ಲೀಟರಿಗೆ ಕ್ಯುವೆ ಎಂದು ಹೆಸರು. ಹುಳಿ, ಸಿಹಿ, ನವಿರು ಎಲ್ಲ ಇರುವ, ವರ್ಷಗಟ್ಟಲೆ ತಾಳಿಕೊಳ್ಳುವ ರಸ. ಕಡೆಯ 500 ಲೀಟರ್ ತಾಯ್. ಹುಳಿ ಇಳಿದು, ಒಗರು, ಬಣ್ಣ ಏರಿದ ಇದನ್ನು ಬೇರೆಯೇ ಶೇಖರಿಸುತ್ತಾರೆ. ಕೆಲವು ಹೆಸರಾಂತ ಮನೆತನಗಳು ತಾಯ್ ಅನ್ನು ಮುಟ್ಟುವುದೇ ಇಲ್ಲ.

ಷಾಂಪೇನ್‌ನ ಗುಳ್ಳೆಯನ್ನು ಕಂಡುಹಿಡಿದವನು ಡಾಮ್ ಪೆರಿನ್ಯೊ ಎಂಬ ಕಥೆ ಇನ್ನೂ ಮಾರಾಟವಾಗುತ್ತಿದೆ. 1668ರಿಂದ 1715ರವರೆಗೆ ಓವಿಯೇ ಮಠದ ಉಗ್ರಾಣ ನೋಡಿಕೊಂಡ ಆ ಸನ್ಯಾಸಿಯ ಹೆಚ್ಚುಗಾರಿಕೆ ಇದ್ದದ್ದು ಬೇರೆ ಬೇರೆ ತೋಟಗಳ ಹಣ್ಣನ್ನು ಹೊಂದಿಸುವುದರಲ್ಲಿ, ಕರಿ ದ್ರಾಕ್ಷಿಯಿಂದ ತಿಳಿ ವೈನ್ ತೆಗೆಯುವುದರಲ್ಲಿ. ಗುಳ್ಳೆಗಿಂತ ಇದೇ ದೊಡ್ಡದೆಂದು ನನಗನ್ನಿಸುತ್ತದೆ.

ಈಗ ಎಷ್ಟೋ ಕಡೆ ಮರದ ಗಾಣದ ಬದಲು ಅಡ್ಡ ಮಲಗಿಸಿದ ಉಕ್ಕಿನ ಪೀಪಾಯಿಗಳಿವೆ. ಒಳಗಿನ ರಬ್ಬರಿನಂಥ ಪೊರೆ ಗಾಳಿ ತುಂಬಿಕೊಂಡು ಹಣ್ಣನ್ನು ಮೆಲ್ಲಗೆ ಅದುಮುತ್ತದೆ. ಪೀಪಾಯಿ ಉರುಳಿದರೆ ಮುದ್ದೆ ತಾನೇ ಸಡಿಲವಾಗುತ್ತದೆ, ಕವೆಗೋಲು ಬೇಕಿಲ್ಲ. ಫೋಟೊಕ್ಕೆ ಮರದ ತೊಟ್ಟಿಯೇ ಚೆಂದ, ಆದರೆ ಸುಗ್ಗಿಯ ಗಡಿಬಿಡಿಯಲ್ಲಿ ಬೆನ್ನು ಉಳಿಯುವುದು ಉಕ್ಕಿನದರಿಂದ. ಹಿಂಡಿ ಉಳಿದ ಸಿಪ್ಪೆ, ಬೀಜ, ಕಡ್ಡಿಗಳು ಭಟ್ಟಿಗೆ ಹೋಗುತ್ತವೆ. ಅಲ್ಲಿ ಅವುಗಳಿಂದ ಮಾರ್ ಎಂಬ ಖಾರದ ಬ್ರಾಂದಿ ಇಳಿಯುತ್ತದೆ.